ಅಟ್ಟದ ಮೇಲಿನ ಸ್ಪೆಕ್ಟ್ರಮ್: ಮಲೆನಾಡಿನ ಮನೆಯಲ್ಲಿ ಕ್ಯಾಸೆಟ್ ಕಾಲದ ಕಂಪ್ಯೂಟರ್ ಆಟಗಳನ್ನು ಮತ್ತೆ ಆಡಲು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ, ಸೋದರಮಾವ ವಿದೇಶದಿಂದ ತಂದಿಟ್ಟಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ಒಂದು ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಜೊತೆಗೆ ಆಟಗಳನ್ನು ತುಂಬಿದ ಇಪ್ಪತ್ತೆರಡು ಕ್ಯಾಸೆಟ್‌ಗಳಿದ್ದವು. ಸಿಕ್ಕ ಸಂಭ್ರಮದಲ್ಲಿ ಅದೇ ಸಂಜೆ ಎಲ್ಲವನ್ನೂ ಜೋಡಿಸಿ ಕ್ಯಾಸೆಟ್ ಹಾಕಿದೆ. ಎರಡು ಟೇಪುಗಳು ಹಳೆಯ ಟೇಪ್ ರೆಕಾರ್ಡರಿನ ರೋಲರಿಗೆ ಸುತ್ತಿಕೊಂಡು ಹರಿದುಹೋದವು. ಯಂತ್ರವನ್ನು ಯಾವಾಗ ಬೇಕಾದರೂ ದುರಸ್ತಿ ಮಾಡಿಸಬಹುದು, ಆದರೆ ಟೇಪಿನ ಮೇಲಿರುವುದು ಒಮ್ಮೆ ಹೋದರೆ ಹೋದಂತೆಯೇ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮವನ್ನು ಬದಲಿಸದಿರಿ ಎಂದು ಕೇಳಿಕೊಳ್ಳುತ್ತೇನೆ: ಮೊದಲು ಟೇಪನ್ನು ಉಳಿಸಿಕೊಳ್ಳಬೇಕು, ಅನಂತರ ಯಂತ್ರಕ್ಕೆ ವಿದ್ಯುತ್ ಕೊಡಬೇಕು, ಕೊನೆಗೆ ಆಡಬೇಕು.

ಇಲ್ಲಿ ವಿವರಿಸುವುದು 1982ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆ ಹೊರತಂದ, 48ಕೆ ಮೆಮೊರಿಯ ಸ್ಪೆಕ್ಟ್ರಮ್ ಯಂತ್ರವನ್ನು ಕುರಿತು. ಅದೇ ಕಾಲದ ಬಿಬಿಸಿ ಮೈಕ್ರೋ ನಮ್ಮವರಿಗೆ ಹೆಚ್ಚು ಪರಿಚಿತವಿರಬಹುದು. 1984-85ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಎಂಬ ಶಾಲಾ ಕಂಪ್ಯೂಟರ್ ಶಿಕ್ಷಣ ಯೋಜನೆಯಡಿ ದೇಶದ ಹಲವು ಶಾಲೆಗಳಿಗೆ ಬಂದದ್ದು ಅದೇ. ಕಮೊಡೋರ್ 64 ಯಂತ್ರಕ್ಕೆ ಅದರದೇ ಆದ ಟೇಪ್ ಸಾಧನ ಬೇಕು. ಆದರೂ ಟೇಪು, ತೇವ ಮತ್ತು ತಾಳ್ಮೆಯ ವಿಷಯದಲ್ಲಿ ಮೂರಕ್ಕೂ ಇಲ್ಲಿನ ಮಾತುಗಳು ಅನ್ವಯಿಸುತ್ತವೆ.

ಒಂದನೆಯ ಹಂತ: ಕಾಲ ನೋಡಿ ಪೆಟ್ಟಿಗೆ ತೆರೆಯಿರಿ

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಆರಿದ್ರಾ ಮಳೆಯಿಂದ ಮಘೆ ಮಳೆಯವರೆಗೆ ಗೋಡೆಯೇ ಬೆವರುತ್ತದೆ. ಬೀರುವಿನೊಳಗಿನ ಬಟ್ಟೆಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಟೇಪಿನ ಪ್ಲಾಸ್ಟಿಕ್ ಪಟ್ಟಿಗೆ ಕಾಂತೀಯ ಪುಡಿಯನ್ನು ಅಂಟಿಸಿರುವ ಪದರವೂ ಈ ತೇವವನ್ನು ಹೀರಿಕೊಂಡು ಮೆತ್ತಗಾಗುತ್ತದೆ. ಶಿವಮೊಗ್ಗ ಪೇಟೆಯಲ್ಲಿ ತೊಂದರೆ ಸ್ವಲ್ಪ ಕಡಿಮೆ, ಹೊಸನಗರ-ತೀರ್ಥಹಳ್ಳಿಯ ಕಡೆ ಬಹಳ ಹೆಚ್ಚು. ಡಿಸೆಂಬರ್‌ನಿಂದ ಶಿವರಾತ್ರಿಯವರೆಗಿನ ಒಣ ದಿನಗಳೇ ಈ ಕೆಲಸಕ್ಕೆ ಯೋಗ್ಯ. ಮಳೆಗಾಲದಲ್ಲಿಯೇ ಪೆಟ್ಟಿಗೆ ಸಿಕ್ಕಿದ್ದರೆ, ಕ್ಯಾಸೆಟ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿಟ್ಟು ಕಾಯುವುದು ಲೇಸು. ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟದಲ್ಲಿಯೋ ಬಿಸಿಲಿನಲ್ಲಿಯೋ ಇಡಬೇಡಿ, ಕಾವಿಗೆ ಟೇಪು ಸುಕ್ಕಾಗುತ್ತದೆ.

ಎರಡನೆಯ ಹಂತ: ಕ್ಯಾಸೆಟ್ಟಿನ ಪರೀಕ್ಷೆ

ಕ್ಯಾಸೆಟ್ಟಿನ ಕಿಟಕಿಯ ಮೂಲಕ ಟೇಪಿನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿ. ಆರೋಗ್ಯವಾಗಿರುವ ಸುರುಳಿಯ ಅಂಚು ನುಣುಪಾಗಿ ಕಂದು ಬಣ್ಣದಲ್ಲಿ ಹೊಳೆಯುತ್ತದೆ. ಅಂಚಿನ ಮೇಲೆ ಬಿಳಿಯ ಪುಡಿಯಂತೆ ಅಥವಾ ಜೇಡರ ಬಲೆಯ ಎಳೆಯಂತೆ ಕಂಡರೆ ಅದು ಬೂಷ್ಟು. ಅಂತಹ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ನೇರವಾಗಿ ರೆಕಾರ್ಡರಿಗೆ ಹಾಕಬಾರದು; ಟೇಪನ್ನು ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಬೇರೆ ಡಬ್ಬದಲ್ಲಿ ಒಂದೆರಡು ವಾರ ಒಣಗಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ ಜಗಲಿಯಲ್ಲಿ ಕುಳಿತು ತೆರೆಯಬೇಕು. ಐದು ಸ್ಕ್ರೂಗಳಿರುವ ಕ್ಯಾಸೆಟ್ ಆದರೆ ಸುಲಭವಾಗಿ ಬಿಚ್ಚಬಹುದು. ಅಂಟಿಸಿದ ಕ್ಯಾಸೆಟ್ಟಿನ ಕೀಲನ್ನು ಚಪ್ಪಟೆ ಅಲಗಿನಿಂದ ಮೆಲ್ಲಗೆ ಬಿಡಿಸಿ, ಸುರುಳಿಗಳನ್ನು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟಿನ ಹೊದಿಕೆಗೆ ವರ್ಗಾಯಿಸಬೇಕು. ಒಣಗಿದ ಬೂಷ್ಟನ್ನು ಮೃದುವಾದ ಒಣ ಕುಂಚದಿಂದ ಸುರುಳಿಯ ಅಂಚಿನಲ್ಲಿ ಮಾತ್ರ ಒರೆಸಿ.

ಟೇಪಿನ ನಡುವೆ, ಹೆಡ್ ತಾಗುವ ಜಾಗದಲ್ಲಿ, ಸಣ್ಣ ಫೆಲ್ಟ್ ತುಂಡೊಂದು ತಾಮ್ರದ ಪಟ್ಟಿಯ ಮೇಲೆ ಇರುತ್ತದೆ. ನಾಲ್ಕು ದಶಕಗಳಲ್ಲಿ ಅದರ ಅಂಟು ಒಣಗಿ ಉದುರಿರುವುದು ಸಾಮಾನ್ಯ. ಅದಿಲ್ಲದಿದ್ದರೆ ಟೇಪು ಹೆಡ್ಡಿಗೆ ಒತ್ತಿಕೊಳ್ಳದೆ ಸದ್ದು ಕ್ಷೀಣವಾಗುತ್ತದೆ. ಹಳೆಯ ಹಾಡಿನ ಕ್ಯಾಸೆಟ್ಟಿನಿಂದ ಪಟ್ಟಿಯ ಸಮೇತ ತೆಗೆದು ಕೂರಿಸಿದರೆ ಸಾಕು. ಪರೀಕ್ಷೆ ಮುಗಿದ ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಆಟ ಅಳಿಯುವುದಿಲ್ಲ.

ಮೂರನೆಯ ಹಂತ: ಟೇಪ್ ರೆಕಾರ್ಡರ್ ಮತ್ತು ಹೆಡ್ಡಿನ ಓರೆ

ಈ ಇಡೀ ಕೆಲಸದ ಜೀವಾಳ ಇದೇ ಹಂತದಲ್ಲಿದೆ. ದುಬಾರಿ ಸ್ಟೀರಿಯೋ ಡೆಕ್ಕಿಗಿಂತ, ಇಯರ್‌ಫೋನ್ ಕಿಂಡಿಯಿರುವ ಸಾದಾ ಮೋನೋ ರೆಕಾರ್ಡರ್ ಸ್ಪೆಕ್ಟ್ರಮ್‌ಗೆ ಹೆಚ್ಚು ಹೊಂದುತ್ತದೆ, ಏಕೆಂದರೆ ಈ ಯಂತ್ರಕ್ಕೆ ಬೇಕಾದದ್ದು ಇಂಪಾದ ಸದ್ದಲ್ಲ, ಜೋರಾದ ಮತ್ತು ಚೂಪಾದ ಸದ್ದು. ರೆಕಾರ್ಡರಿನ ರಬ್ಬರ್ ಬೆಲ್ಟ್ ಸಡಿಲವಾಗಿದ್ದರೆ ಅಥವಾ ಕರಗಿ ಡಾಂಬರಿನಂತಾಗಿದ್ದರೆ ಹೊಸದನ್ನು ಹಾಕಿಸಿ. ಹೆಡ್ಡನ್ನೂ, ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನೂ ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ರಬ್ಬರ್ ರೋಲರಿಗೆ ನೀರಿನಲ್ಲಿ ತುಸು ಒದ್ದೆ ಮಾಡಿದ ಬಟ್ಟೆ ಸಾಕು.

ಇನ್ನು ಹೆಡ್ಡಿನ ಓರೆಯ ವಿಷಯ. ಸ್ಪೆಕ್ಟ್ರಮ್ ತನ್ನ ಮಾಹಿತಿಯನ್ನು ಟೇಪಿನ ಮೇಲೆ ಎರಡು ಬಗೆಯ ನಾಡಿಗಳಾಗಿ ಬರೆಯುತ್ತದೆ: ಸೊನ್ನೆಗೆ ಸುಮಾರು 2,000 ಹರ್ಟ್ಸ್, ಒಂದಕ್ಕೆ ಅದರ ಅರ್ಧ. ಯಂತ್ರವು ಸದ್ದಿನ ಏರಿಳಿತಗಳ ನಡುವಿನ ಅಂತರವನ್ನು ಅಳೆದು ಸೊನ್ನೆ ಯಾವುದು, ಒಂದು ಯಾವುದು ಎಂದು ನಿರ್ಧರಿಸುತ್ತದೆ. ಟೇಪನ್ನು ತುಂಬಿದ ಯಂತ್ರದ ಹೆಡ್ಡಿಗೂ ನಿಮ್ಮ ರೆಕಾರ್ಡರಿನ ಹೆಡ್ಡಿಗೂ ಕೂದಲೆಳೆಯಷ್ಟು ಓರೆಯ ವ್ಯತ್ಯಾಸವಿದ್ದರೆ ಮೇಲಿನ ಸ್ವರಗಳು ಮಂಕಾಗಿ, ಏರಿಳಿತಗಳ ಅಂಚು ಮಸುಕಾಗುತ್ತದೆ. ನಾನು ವಾರಗಟ್ಟಲೆ ಕಂಪ್ಯೂಟರನ್ನು ಅನುಮಾನಿಸಿದ್ದೆ. ಶಿವಮೊಗ್ಗದ ದುರ್ಗಿಗುಡಿಯ ಹಿರಿಯ ರೇಡಿಯೋ ರಿಪೇರಿಯವರೊಬ್ಬರು ಒಂದು ನಿಮಿಷ ಕೇಳಿ, "ಕಣ್ಣಲ್ಲಿ ನೋಡಿದ್ರೆ ಇದು ಸಿಗಲ್ಲ ಮಾರಾಯ್ರೇ, ಕಿವಿ ಕೊಟ್ಟು ತಿರುಗಿಸಿ" ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು.

ಹೆಡ್ಡಿನ ಎರಡು ಬದಿಯ ಸ್ಕ್ರೂಗಳಲ್ಲಿ ಒಂದರ ಕೆಳಗೆ ಸಣ್ಣ ಸ್ಪ್ರಿಂಗ್ ಇರುತ್ತದೆ. ಓರೆಯನ್ನು ಹೊಂದಿಸುವುದು ಅದೇ. ಎಷ್ಟೋ ರೆಕಾರ್ಡರುಗಳಲ್ಲಿ ಪ್ಲೇ ಒತ್ತಿದಾಗ ಮುಚ್ಚಳದ ಸಣ್ಣ ತೂತಿನಿಂದಲೇ ಅದು ಕೈಗೆಟುಕುತ್ತದೆ. ಆಟದ ಕ್ಯಾಸೆಟ್ಟನ್ನು ಸ್ಪೀಕರಿನಲ್ಲಿ ಕೇಳುತ್ತಾ, ಸ್ಕ್ರೂವನ್ನು ಎಂಟನೇ ಒಂದು ಸುತ್ತಿಗಿಂತ ಹೆಚ್ಚಾಗದಂತೆ ಅತ್ತಿತ್ತ ತಿರುಗಿಸಿ. ಕಂಬಳಿಯೊಳಗಿಂದ ಬರುತ್ತಿದ್ದಂತಿರುವ ಸದ್ದು ಒಂದು ಬಿಂದುವಿನಲ್ಲಿ ತಟ್ಟನೆ ಹರಿತವಾಗುತ್ತದೆ, ಬೇಸಿಗೆಯ ಸಂಜೆ ತೋಟದಲ್ಲಿ ಜೀರುಂಡೆಗಳು ಒಮ್ಮೆಲೇ ಕೂಗತೊಡಗಿದ ಹಾಗೆ. ಅಲ್ಲಿಯೇ ನಿಲ್ಲಿಸಿ. ಬೇರೆ ಸಂಸ್ಥೆಯ ಕ್ಯಾಸೆಟ್ ಹಾಕಿದಾಗ ಮತ್ತೆ ಹೊಂದಿಸಬೇಕಾಗಬಹುದು, ಹಾಗಾಗಿ ಮೊದಲಿನ ಸ್ಥಾನವನ್ನು ಸ್ಕ್ರೂವಿನ ಮೇಲೆ ಮಾರ್ಕರಿನಿಂದ ಗುರುತು ಮಾಡಿಟ್ಟುಕೊಳ್ಳಿ.

ನಾಲ್ಕನೆಯ ಹಂತ: ಪ್ರತಿ ತೆಗೆಯುವುದು

ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಇಂದಿನ ಕಂಪ್ಯೂಟರಿನ ಲೈನ್-ಇನ್ ಕಿಂಡಿಗೆ ತಂತಿ ಜೋಡಿಸಿ, ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲಿ 44,100 ಹರ್ಟ್ಸ್, 16 ಬಿಟ್ ಗುಣಮಟ್ಟದಲ್ಲಿ ಮುದ್ರಿಸಿಕೊಳ್ಳಿ. ಕಡತವನ್ನು ವೇವ್ ರೂಪದಲ್ಲಿಯೇ ಉಳಿಸಬೇಕು. ಎಂಪಿ3 ಆಗಿಸಿದರೆ ಕಿವಿಗೆ ಕೇಳಿಸದ ಅಂಶಗಳನ್ನು ಅದು ಕಿತ್ತುಹಾಕುತ್ತದೆ, ಯಂತ್ರಕ್ಕೆ ಬೇಕಾದ ಅಂಚುಗಳು ಅದರಲ್ಲಿಯೇ ಹೋಗಬಹುದು. ಟೇಪಿನ ಗೊರಗೊರ ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ ಆಫ್ ಮಾಡಿ. ಸ್ಟೀರಿಯೋ ಡೆಕ್ಕನ್ನೇ ಬಳಸುವವರು ಎಡ-ಬಲ ಎರಡೂ ಚಾನೆಲ್ಲುಗಳನ್ನು ಮುದ್ರಿಸಿ, ಸ್ವಚ್ಛವಾಗಿರುವ ಚಾನೆಲ್ಲನ್ನು ಮಾತ್ರ ಇಟ್ಟುಕೊಳ್ಳಬಹುದು. ಟೇಪಿನ ಒಂದು ಅಂಚು ಹಾಳಾಗಿದ್ದಾಗ ಈ ಉಪಾಯ ನನಗೆ ಮೂರು ಆಟಗಳನ್ನು ಉಳಿಸಿಕೊಟ್ಟಿದೆ.

ಹೀಗೆ ಪಡೆದ ಸದ್ದನ್ನು ಟಿಝಡ್‌ಎಕ್ಸ್ ಎಂಬ ರೂಪಕ್ಕೆ ಪರಿವರ್ತಿಸಬೇಕು. ಫ್ಯೂಸ್ ಎಂಬ ಉಚಿತ ಸ್ಪೆಕ್ಟ್ರಮ್ ಎಮ್ಯುಲೇಟರಿನ (ಇಂದಿನ ಕಂಪ್ಯೂಟರಿನಲ್ಲಿ ಹಳೆಯ ಯಂತ್ರದಂತೆಯೇ ವರ್ತಿಸುವ ತಂತ್ರಾಂಶ) ಬಳಗದಲ್ಲಿ ಇದಕ್ಕೆ ಬೇಕಾದ ಸಣ್ಣ ತಂತ್ರಾಂಶ ದೊರೆಯುತ್ತದೆ. ಟ್ಯಾಪ್ ಎಂಬ ಇನ್ನೂ ಸರಳವಾದ ರೂಪವಿದೆ, ಆದರೆ ಅದು ಮಾಹಿತಿಯನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಸ್ಪೀಡ್‌ಲಾಕ್‌ನಂತಹ ವೇಗದ ಲೋಡಿಂಗ್ ವಿಧಾನ ಬಳಸಿದ ಆಟಗಳಿಗೆ ನಾಡಿಗಳ ಅವಧಿಯೂ ಬೇಕಾದ್ದರಿಂದ ಟಿಝಡ್‌ಎಕ್ಸ್ ಅನ್ನೇ ಆಯ್ದುಕೊಳ್ಳಿ.

ಕಾನೂನಿನ ಬಗ್ಗೆ ಒಂದು ಮಾತು. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿರುವವರು, ಅದು ನಾಶವಾಗದಂತೆ ರಕ್ಷಣೆಗಾಗಿ ಬ್ಯಾಕಪ್ ತೆಗೆದುಕೊಳ್ಳಲು ಅವಕಾಶ ನೀಡುತ್ತದೆ. ಆ ಪ್ರತಿಯನ್ನು ಹಂಚುವುದು ಬೇರೆಯೇ ವಿಷಯ. ಆಟ ಹಳೆಯದಾಯಿತೆಂದ ಮಾತ್ರಕ್ಕೆ ಅದರ ಹಕ್ಕು ಮುಗಿದಿರುವುದಿಲ್ಲ.

ಐದನೆಯ ಹಂತ: ವಿದ್ಯುತ್ ಮತ್ತು ಪರದೆ

ಬ್ರಿಟನ್ನಿನ ಅಡಾಪ್ಟರಿನ ಚೌಕ ಕಡ್ಡಿಗಳು ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಸಡಿಲವಾದ ಪರಿವರ್ತಕ ಪ್ಲಗ್ ಬಳಸಬೇಡಿ, ಏಕೆಂದರೆ ಒಂದು ಕ್ಷಣ ಅಲುಗಿದರೂ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಮೊದಲು ಅಡಾಪ್ಟರನ್ನು ಯಂತ್ರಕ್ಕೆ ಜೋಡಿಸದೆ ಮಲ್ಟಿಮೀಟರಿನಿಂದ ಅಳೆಯಿರಿ. 9 ವೋಲ್ಟ್ ಎಂದು ಬರೆದಿದ್ದರೂ ಹೊರೆಯಿಲ್ಲದಾಗ ಅದು 12 ವೋಲ್ಟಿಗೂ ಹೆಚ್ಚು ತೋರಿಸಬಹುದು, ಅದು ಸಹಜ. ಬಹಳ ಮುಖ್ಯವಾದ ಸಂಗತಿಯೆಂದರೆ, ಸ್ಪೆಕ್ಟ್ರಮ್‌ನ ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಇಂದು ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳು ಇದಕ್ಕೆ ತದ್ವಿರುದ್ಧ. ಅಳೆಯದೆ ಚುಚ್ಚಬಾರದು.

ಯಂತ್ರದೊಳಗಿನ ಕೆಪಾಸಿಟರುಗಳು ಇಷ್ಟು ವರ್ಷಗಳಲ್ಲಿ ಒಣಗಿಯೋ ಸೋರಿಯೋ ಇರುತ್ತವೆ. ಬೆಸುಗೆ ಬಲ್ಲವರಿಂದ ಅವನ್ನು ಬದಲಾಯಿಸಿಕೊಳ್ಳುವುದು ಒಳ್ಳೆಯದು. ಮೊದಲ 16ಕೆ ಮೆಮೊರಿಯ ಎಂಟು ಚಿಪ್ಪುಗಳಿಗೆ +5, +12 ಮತ್ತು -5 ವೋಲ್ಟ್ ಮೂರೂ ಬೇಕು. ಇವುಗಳಲ್ಲಿ -5 ತಪ್ಪಿದರೆ ಚಿಪ್ಪುಗಳು ಸುಟ್ಟುಹೋಗುತ್ತವೆ. ಇದೇ ಕಾರಣಕ್ಕೆ ವಿದ್ಯುತ್ ಇರುವಾಗ ಹಿಂಬದಿಯ ಅಂಚಿಗೆ ಜಾಯ್‌ಸ್ಟಿಕ್ ಸಾಧನವನ್ನು ಜೋಡಿಸುವುದಾಗಲಿ ತೆಗೆಯುವುದಾಗಲಿ ಸಲ್ಲದು. ಕೀಲಿಮಣೆಯಿಂದ ಬರುವ ಪ್ಲಾಸ್ಟಿಕ್ ಪಟ್ಟಿಗಳು ಒಣಗಿ ಗರಿಗರಿಯಾಗಿರುತ್ತವೆ. ಮುಚ್ಚಳವನ್ನು ಒಮ್ಮೆಲೇ ಎತ್ತಿದರೆ ತುಂಡಾಗುತ್ತವೆ. ಹಾಗಾದರೆ ಹೊಸದಾಗಿ ತಯಾರಾದ ಪದರಗಳು ಈಗಲೂ ದೊರೆಯುತ್ತವೆ.

ಚಿತ್ರವು ಯುಎಚ್‌ಎಫ್ ಎಂಬ ಟಿವಿ ತರಂಗಪಟ್ಟಿಯ 36ನೇ ಚಾನೆಲ್ಲಿನ ಆಸುಪಾಸಿನಲ್ಲಿ ಬರುತ್ತದೆ. ದೂರದರ್ಶನದ ಆರಂಭದ ದಿನಗಳ ಕೆಲವು ಟಿವಿಗಳಲ್ಲಿ ಯುಎಚ್‌ಎಫ್ ಇರುವುದೇ ಇಲ್ಲ. ಚಿತ್ರವನ್ನು ಚಾನೆಲ್ಲಿನ ಸಂಕೇತವಾಗಿಸುವ ಯಂತ್ರದ ಮಾಡ್ಯುಲೇಟರನ್ನು ಬದಿಗಿರಿಸಿ ಕಾಂಪೊಸಿಟ್ ವಿಡಿಯೋ ನೇರವಾಗಿ ಹೊರಬರುವಂತೆ ಸಣ್ಣ ಮಾರ್ಪಾಡು ಮಾಡಿಸಿದರೆ ಹಳದಿ ಪಿನ್ನಿನ ಕಿಂಡಿಯಿರುವ ಯಾವುದೇ ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿ ಮೂಡುತ್ತದೆ. ಬಿಳಿಯ ಪರದೆಯ ತಳದಲ್ಲಿ 1982 ಸಿಂಕ್ಲೇರ್ ರಿಸರ್ಚ್ ಎಂಬ ಸಾಲು ಕಂಡರೆ ಯಂತ್ರ ಬದುಕಿದೆ. ಗುಡುಗಿನ ಸೂಚನೆ ಇದ್ದರೆ ಪ್ಲಗ್ ಕಿತ್ತಿಡಿ.

ಆರನೆಯ ಹಂತ: ಮೊದಲ ಲೋಡ್

ಜೆ ಕೀಲಿಯನ್ನು ಒತ್ತಿದರೆ ಲೋಡ್ ಎಂಬ ಇಡೀ ಪದ ಪರದೆಗೆ ಬರುತ್ತದೆ. ಸಿಂಬಲ್ ಶಿಫ್ಟ್ ಹಿಡಿದು ಪಿ ಕೀಲಿಯನ್ನು ಎರಡು ಬಾರಿ ಒತ್ತಿ, ಎಂಟರ್ ಒತ್ತಿ. ರೆಕಾರ್ಡರಿನ ಸದ್ದನ್ನು ಮುಕ್ಕಾಲು ಭಾಗಕ್ಕೆ, ಟ್ರೆಬಲನ್ನು ಪೂರ್ತಿಯಾಗಿ ಏರಿಸಿ. ಮೈಕ್ ತಂತಿಯನ್ನು ತೆಗೆದು, ರೆಕಾರ್ಡರಿನ ಇಯರ್‌ಫೋನ್ ಕಿಂಡಿಯಿಂದ ಸ್ಪೆಕ್ಟ್ರಮ್‌ಗೆ ಹೋಗುವ ಇಯರ್ ತಂತಿಯನ್ನು ಮಾತ್ರ ಉಳಿಸಿ, ಪ್ಲೇ ಒತ್ತಿ.

ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿಯ ಅಗಲ ಪಟ್ಟೆಗಳು ಒಂದೇ ಗತಿಯಲ್ಲಿ ಸರಿಯಬೇಕು. ಅದು ಪೀಠಿಕೆಯ ಸ್ವರ. ಅನಂತರ ನೀಲಿ-ಹಳದಿಯ ತೆಳು ಪಟ್ಟೆಗಳು ನಡುಗುತ್ತವೆ, ಅದು ಮಾಹಿತಿ. ಮೊದಲ ಸಲ ಇದನ್ನು ಕಂಡ ಅಕ್ಕನ ಮಗಳು "ಮಾಮಾ, ಟಿವಿ ಹಾಳಾಯ್ತಾ?" ಎಂದು ಕೇಳಿದ್ದಳು. ಆಮೇಲೆ ಚಿತ್ರ ಮೂಡತೊಡಗಿದಾಗ ಅವಳು ಅಲ್ಲಾಡಲಿಲ್ಲ. 6,912 ಬೈಟುಗಳ ಆ ಚಿತ್ರ ಬರಲು ಸುಮಾರು ನಲವತ್ತು ಸೆಕೆಂಡು ಬೇಕು. ಪರದೆಯ ಮೂರು ಭಾಗಗಳು ಒಂದಾದ ಮೇಲೊಂದು, ಗೆರೆ ಬಿಟ್ಟು ಗೆರೆ ಕಪ್ಪು-ಬಿಳುಪಿನಲ್ಲಿ ತುಂಬುತ್ತವೆ, ಕಟ್ಟಕಡೆಯ 768 ಬೈಟುಗಳಲ್ಲಿ ಬಣ್ಣಗಳು ಮೇಲಿನಿಂದ ಕೆಳಕ್ಕೆ ಹರಿದುಬರುತ್ತವೆ. ಅಂಗಳದಲ್ಲಿ ರಂಗೋಲಿಯ ಗೆರೆ ಮುಗಿದ ಮೇಲೆ ಬಣ್ಣ ತುಂಬುವುದನ್ನು ನೋಡಿದವರಿಗೆ ಈ ಸುಖದ ಪರಿಚಯವಿದೆ.

ಇಡೀ ಆಟ ತುಂಬಲು ನಾಲ್ಕೈದು ನಿಮಿಷ. ಸಂಕಟವೂ ಇಲ್ಲಿಯೇ ಇದೆ. ಸದ್ದು ಪೂರ್ತಿ ಕಡಿದುಹೋದರೆ ಯಂತ್ರ ಕೂಡಲೇ ನಿಲ್ಲುತ್ತದೆ, ಆದರೆ ಒಂದು ಬಿಟ್ ಮಾತ್ರ ತಪ್ಪಾಗಿ ಓದಿಕೊಂಡರೆ ಅದು ಗೊತ್ತಾಗುವುದು ಆ ಭಾಗದ ಕೊನೆಯ ಬೈಟಿನಲ್ಲಿ ತಾಳೆ ನೋಡಿದಾಗಲೇ. ನಾಲ್ಕು ನಿಮಿಷ ಕಾದ ಮೇಲೆ 'ಟೇಪ್ ಲೋಡಿಂಗ್ ಎರರ್' ಎಂಬ ಸಾಲು ಬಂದರೆ ಮೊದಲಿನಿಂದ ಸುತ್ತಬೇಕು. ಆಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ಸದ್ದಿನ ಮಟ್ಟ, ಅನಂತರ ಹೆಡ್ಡಿನ ಓರೆ, ಆಮೇಲೆ ತಂತಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕಾರಣವೆಂದು ತಿಳಿಯುವುದೇ ಇಲ್ಲ. ಮೂಲ ಟೇಪು ದುರ್ಬಲವಾಗಿದ್ದರೆ, ನೀವು ತೆಗೆದಿಟ್ಟ ಪ್ರತಿಯನ್ನು ಫೋನಿನಿಂದ ತಂತಿಯ ಮೂಲಕವೇ ನುಡಿಸಬಹುದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಸದ್ದು ಪೂರ್ತಿ ಏರಿಸಿ. ನಡುವೆ ಬರುವ ಒಂದು ಸಂದೇಶದ ಟಿಂಗ್ ಸದ್ದು ಇಡೀ ಲೋಡನ್ನು ಕೆಡಿಸಬಲ್ಲದು.

ಏಳನೆಯ ಹಂತ: ಆಡುವುದು

ಮೊದಲ ಆಟವಾಗಿ 1983ರಲ್ಲಿ ಮ್ಯಾಥ್ಯೂ ಸ್ಮಿತ್ ಬರೆದ 'ಮ್ಯಾನಿಕ್ ಮೈನರ್' ಅನ್ನು ಸೂಚಿಸುತ್ತೇನೆ. ಇಪ್ಪತ್ತು ಗುಹೆಗಳು, ಪ್ರತಿ ಗುಹೆಗೆ ಒಂದೇ ಪರದೆ. ಕೀಲಿಕೈಗಳನ್ನೆಲ್ಲ ಆಯ್ದು, ಉಸಿರಾಟದ ಗಾಳಿ ಮುಗಿಯುವುದರೊಳಗೆ ಬಾಗಿಲು ಸೇರಬೇಕು. ಜಿಗಿದ ಮೇಲೆ ಗಾಳಿಯಲ್ಲಿ ದಿಕ್ಕು ಬದಲಿಸಲಾಗದು, ಆದ್ದರಿಂದ ಜಿಗಿಯುವ ಮೊದಲೇ ಎಲ್ಲಿ ಇಳಿಯುವೆನೆಂದು ಲೆಕ್ಕ ಹಾಕಿರಬೇಕು. ಶತ್ರುಗಳ ಓಡಾಟ ಪ್ರತಿ ಸಲವೂ ಅದೇ, ಹಾಗಾಗಿ ಇದು ವೇಗದ ಆಟವೆನ್ನುವುದಕ್ಕಿಂತ ತಾಳದ ಆಟ. ಪ್ರಗತಿಯನ್ನು ಉಳಿಸಿಕೊಳ್ಳುವ ಸೌಲಭ್ಯವಿಲ್ಲ; ಹದಿನೈದನೇ ಗುಹೆಯಲ್ಲಿ ಕೊನೆಯ ಜೀವ ಹೋದರೆ ಮತ್ತೆ ಮೊದಲ ಗುಹೆ. ಸಿಟ್ಟು ಬರುತ್ತದೆ, ಬರಬೇಕಾದ್ದೇ. ಆದರೆ ಅದೇ ಕಾರಣಕ್ಕೆ ಮೊದಲ ಐದು ಗುಹೆಗಳು ಬಾಯಿಪಾಠದ ಮಗ್ಗಿಯಂತೆ ಕೈಗೆ ಬರುತ್ತವೆ. ಮುಂದಿನ ಗುಹೆಗಳನ್ನು ಅಭ್ಯಾಸ ಮಾಡಲು, ಬಗ್-ಬೈಟ್ ಪ್ರಕಟಿಸಿದ ಆವೃತ್ತಿಯಲ್ಲಿ ಆಟದ ನಡುವೆ 6031769 ಎಂದು ಟೈಪ್ ಮಾಡಿದರೆ ಬೇಕಾದ ಗುಹೆಗೆ ಹೋಗುವ ದಾರಿ ತೆರೆಯುತ್ತದೆ. ಇದನ್ನು ಅಭ್ಯಾಸಕ್ಕೆ ಮಾತ್ರ ಬಳಸುವುದು ನನ್ನ ನಿಯಮ.

ಪಾತ್ರವೊಂದು ಗೋಡೆಯ ಪಕ್ಕದಲ್ಲಿ ಹಾದಾಗ ಗೋಡೆಯ ಬಣ್ಣ ಅದಕ್ಕೆ ಅಂಟಿಕೊಂಡಂತೆ ಕಾಣುವ ಆಟಗಳಿವೆ. ಅದು ನಿಮ್ಮ ಟಿವಿಯ ದೋಷವಲ್ಲ. 256ಕ್ಕೆ 192 ಚುಕ್ಕೆಗಳ ಪರದೆಯನ್ನು 768 ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೆ ಎರಡೇ ಬಣ್ಣಗಳನ್ನು ಅನುಮತಿಸುವ ಮೂಲಕ ಸ್ಪೆಕ್ಟ್ರಮ್ ಮೆಮೊರಿಯನ್ನು ಉಳಿಸುತ್ತದೆ. ಮೂರನೆಯ ಬಣ್ಣ ಬಂದರೆ ಘರ್ಷಣೆ. 1984ರ 'ನೈಟ್ ಲೋರ್' ಆಟದ ಪ್ರತಿ ಕೋಣೆಯೂ ಒಂದೇ ಬಣ್ಣದಲ್ಲಿರುವುದು ಈ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರ, ಮತ್ತು ಆ ಒಂದು ಬಣ್ಣದ ಕೋಣೆಗಳು ನನಗೆ ಇಂದಿಗೂ ಅತ್ಯಂತ ಸುಂದರವಾಗಿ ಕಾಣುತ್ತವೆ.

ಕೆಲವು ಆಟಗಳ ಕಾಟ ಮಾತ್ರ ಕ್ಷಮಿಸಲಾಗದ್ದು. 1984ರ 'ಜೆಟ್ ಸೆಟ್ ವಿಲ್ಲಿ'ಯಲ್ಲಿ ಅಟ್ಟದ ಕೋಣೆಯನ್ನು ಹೊಕ್ಕರೆ ಪ್ರೋಗ್ರಾಮಿನ ದೋಷದಿಂದ ಬೇರೆ ಕೋಣೆಗಳು ಕೆಡುತ್ತಿದ್ದವು. ಆಟವನ್ನು ಮುಗಿಸಲು ಸಾಧ್ಯವೇ ಇರಲಿಲ್ಲ. ತಿಳಿಯದೆ ಆಡಿದವರು ತಮ್ಮ ಕೈಯನ್ನೇ ದೂಷಿಸಿಕೊಂಡಿರುತ್ತಾರೆ. ಮೆಮೊರಿಯ ಕೆಲವು ಬೈಟುಗಳನ್ನು ಬದಲಿಸುವ ಪೋಕ್ ಆಜ್ಞೆಗಳು ಇದನ್ನು ಸರಿಪಡಿಸುತ್ತವೆ. ಆಡುವ ಮೊದಲೇ ಅವನ್ನು ಹಾಕಿಕೊಳ್ಳಿ. 'ಎಲೀಟ್' ಆಟದ 1985ರ ಸ್ಪೆಕ್ಟ್ರಮ್ ಆವೃತ್ತಿಗೆ ಲೆನ್ಸ್‌ಲಾಕ್ ಎಂಬ ಪ್ಲಾಸ್ಟಿಕ್ ಮಸೂರ ಬೇಕು. ಪರದೆಯ ಮೇಲೆ ಚೂರುಚೂರಾಗಿ ಕಾಣುವ ಎರಡು ಅಕ್ಷರಗಳನ್ನು ಅದರ ಮೂಲಕ ಓದಿ ಟೈಪ್ ಮಾಡಬೇಕು. ಕ್ಯಾಸೆಟ್ ಉಳಿದು ಮಸೂರ ಕಳೆದಿದ್ದರೆ ನಿಮ್ಮ ಸ್ವಂತ ಆಟವೇ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಪೆಟ್ಟಿಗೆಯಲ್ಲಿ ಸಿಕ್ಕ ಯಾವ ಚೀಟಿ, ಕಾರ್ಡು, ಪ್ಲಾಸ್ಟಿಕ್ ತುಂಡನ್ನೂ ಎಸೆಯಬೇಡಿ.

ಯಂತ್ರವೇ ಇಲ್ಲದವರು

ಫ್ಯೂಸ್ ಎಮ್ಯುಲೇಟರ್ ಒಳ್ಳೆಯ ದಾರಿ. 1986ರಲ್ಲಿ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು ಕೊಂಡ ಆಮ್‌ಸ್ಟ್ರಾಡ್ ಸಂಸ್ಥೆ, ಎಮ್ಯುಲೇಟರುಗಳ ಜೊತೆ ಸ್ಪೆಕ್ಟ್ರಮ್‌ನ ರೋಮ್ ಚಿಪ್ಪಿನಲ್ಲಿರುವ, ಅಳಿಸಲಾಗದ ಮೂಲ ಪ್ರೋಗ್ರಾಮನ್ನು ಹಂಚಲು ಅನುಮತಿ ನೀಡಿದೆ. ವೇಗವನ್ನು ಶೇಕಡಾ 100ಕ್ಕೇ ಇಡಿ, ಮೊದಲ ಸಲವಾದರೂ ಟೇಪಿನ ವೇಗದ ಲೋಡಿಂಗ್ ಆಫ್ ಮಾಡಿ ಇಡೀ ಸದ್ದನ್ನು ಕೇಳಿ. ಸ್ಪೆಕ್ಟ್ರಮ್ ಸೆಕೆಂಡಿಗೆ ಐವತ್ತು ಚಿತ್ರಗಳನ್ನು ತೋರಿಸುತ್ತದೆ, ಇಂದಿನ ಮಾನಿಟರುಗಳು ಸಾಮಾನ್ಯವಾಗಿ ಅರವತ್ತನ್ನು. ಚಲನೆ ಎಡವಿದಂತೆ ಕಂಡರೆ ಮಾನಿಟರಿನಲ್ಲಿ 50 ಹರ್ಟ್ಸ್ ಆಯ್ಕೆ ಇದೆಯೇ ನೋಡಿ.

ಕೊನೆಯ ಹಂತ: ಮುಂದಿನ ಮಳೆಗಾಲಕ್ಕೆ ಮುನ್ನ

ಮೇ ತಿಂಗಳ ಮೊದಲ ಮಳೆಗೆ ಮುಂಚೆಯೇ ಪ್ರತಿ ಕ್ಯಾಸೆಟ್ಟನ್ನು ಒಂದು ಸಲ ಪೂರ್ತಿಯಾಗಿ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸುತ್ತಿ, ಸುರುಳಿಯ ಬಿಗಿ ಸಮವಾಗುವಂತೆ ಮಾಡಿ. ಪುಸ್ತಕದ ಹಾಗೆ ನಿಲ್ಲಿಸಿ, ಸ್ಪೀಕರು ಮತ್ತು ಟಿವಿಯಿಂದ ದೂರ, ಗಾಳಿಯಾಡದ ಡಬ್ಬದಲ್ಲಿಡಿ. ನೀಲಿ ಸಿಲಿಕಾ ಜೆಲ್ ಗುಲಾಬಿಯಾದರೆ ಅದು ತೇವ ಕುಡಿದು ತುಂಬಿದೆಯೆಂದು ಅರ್ಥ. ಒಣಗಿಸಿ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಹುರಿಯಬೇಡಿ. ನಮ್ಮ ಮನೆಯಲ್ಲಿ ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇವೆ: ಯಾವ ಆಟ, ಯಾವ ಬದಿ, ರೆಕಾರ್ಡರಿನ ಎಷ್ಟನೇ ಅಂಕಿಯಲ್ಲಿ ಆರಂಭ, ಹೆಡ್ಡಿನ ಸ್ಕ್ರೂ ಗುರುತಿನಿಂದ ಎಷ್ಟು ಎಡಕ್ಕೆ ಅಥವಾ ಬಲಕ್ಕೆ. ಕಳೆದ ಪುಷ್ಯ ಮಳೆಯಲ್ಲಿ ಕರೆಂಟು ಇದ್ದ ಒಂದು ಮಧ್ಯಾಹ್ನ ಅಕ್ಕನ ಮಗಳು ಆ ಚೀಟಿಯನ್ನು ನೋಡಿಕೊಂಡು, ಯಾರನ್ನೂ ಕೇಳದೆ, ಫೋನಿನ ಪ್ರತಿಯಿಂದ ಒಬ್ಬಳೇ ಲೋಡ್ ಮಾಡಿ, ಏಳನೇ ಗುಹೆಯವರೆಗೆ ಹೋಗಿದ್ದಳು.